ಮಾಗಿಯ ಬಿಸಿಲು, ಮಕ್ಕಳ ಅಂಗಳ: ಓದುಗರ ಪ್ರಶ್ನೆಗಳಿಗೆ ಉತ್ತರ

ದೀಪಾವಳಿ ಕಳೆದು ಕಾರ್ತಿಕ ಮುಗಿಯುವ ಹೊತ್ತಿಗೆ ಹಾಸನ ಮತ್ತು ಚಿಕ್ಕಮಗಳೂರು ಸೀಮೆಯ ಓದುಗರಿಂದ ಬರುವ ಪತ್ರಗಳ ವಿಷಯ ಬದಲಾಗುತ್ತದೆ. ಆಷಾಢ, ಶ್ರಾವಣದ ಮಳೆಯಲ್ಲಿ ಮಗು ಮನೆಯೊಳಗೇ ಕುಳಿತು ಹಟಮಾರಿಯಾಗುತ್ತಿದೆ ಎಂದು ನೊಂದು ಬರೆದವರೇ ಈಗ ಚಳಿ ಬಂತೆಂದು ಬಾಗಿಲು ಹಾಕಿಕೊಳ್ಳುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಕೆಸರು, ಇಂಬಳ. ಮಾರ್ಚ್ ದಾಟಿದರೆ ಸುಡುಬಿಸಿಲು. ನೆಲ ಒಣಗಿದ್ದು, ಬಿಸಿಲು ಹಿತವಾಗಿದ್ದು, ಕಣದಲ್ಲಿಯೂ ತೋಟದಲ್ಲಿಯೂ ಮಕ್ಕಳು ನೋಡಬಹುದಾದ ಕೆಲಸ ನಡೆಯುವ ಮೂರು ತಿಂಗಳು ನಮಗೆ ಸಿಗುವುದು ಈ ಮಾಗಿಯಲ್ಲಿಯೇ. ಆರು ವರ್ಷದೊಳಗಿನ ಮಕ್ಕಳ ಕುರಿತು ಬಂದಿರುವ ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕು ವರ್ಷ. ಬೆಳಿಗ್ಗೆ ಎದ್ದ ಕೂಡಲೇ ಅಂಗಳಕ್ಕೆ ಓಡುತ್ತಾಳೆ. ಇಬ್ಬನಿ ಆರುವವರೆಗೆ ಹೊಸಿಲು ದಾಟಿಸಬೇಡ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಎಳೆಬಿಸಿಲಿನಲ್ಲಿ ವಿಟಮಿನ್ ಡಿ ಇರುತ್ತದೆ, ಏಳು ಗಂಟೆಗೇ ಬಿಡು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಕಳೆದ ಡಿಸೆಂಬರ್‌ನಲ್ಲಿ ಅವಳಿಗೆ ಎರಡು ಬಾರಿ ನೆಗಡಿಯಾಗಿ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ನಾನು ಯಾರ ಮಾತು ಕೇಳಲಿ?
(ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು)

ಉತ್ತರ: ತಾಯಿ, ಇಬ್ಬರ ಮಾತಿನಲ್ಲಿಯೂ ನೀವು ಇಟ್ಟುಕೊಳ್ಳಬೇಕಾದ ಭಾಗವೊಂದಿದೆ. ಮೊದಲು ಅತ್ತೆಯವರ ಮಾತನ್ನು ನೋಡೋಣ. ಚಿಕ್ಕ ಮಕ್ಕಳಲ್ಲಿ ಮೈತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚಾಗಿರುವುದರಿಂದ ಅವರ ಮೈಯ ಬಿಸಿ ಬೇಗ ಹೊರಗೆ ಹೋಗುತ್ತದೆ. ಇಬ್ಬನಿಯ ಹುಲ್ಲಿನಲ್ಲಿ ಓಡಾಡಿ ಲಂಗದ ಅಂಚು, ಕಾಲುಚೀಲ ನೆನೆದರೆ ಆ ಬಿಸಿ ಇನ್ನೂ ಬೇಗ ಇಳಿಯುತ್ತದೆ. ನಿಮ್ಮ ಭಾಗದಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಸುಮಾರಿಗೆ. ಮಂಜು ಕರಗಿ ಹುಲ್ಲು ಒಣಗಲು ಎಂಟೂವರೆ, ಒಂಬತ್ತು ಗಂಟೆಯಾಗುತ್ತದೆ. ಆದ್ದರಿಂದ ಅವರ ಎಚ್ಚರಿಕೆ ಸರಿಯಾದದ್ದೇ. ಆದರೆ ಅವರು ಹೇಳಿದ್ದು ಇಬ್ಬನಿ ಆರುವವರೆಗೆ ಎಂದು ಮಾತ್ರ. ಅನೇಕ ಮನೆಗಳಲ್ಲಿ ಆ ಮಾತು ನಿಧಾನವಾಗಿ ಹಿಗ್ಗಿ ಸಂಕ್ರಾಂತಿ ಕಳೆಯುವವರೆಗೆ ಎಂದಾಗಿಬಿಡುತ್ತದೆ, ತಪ್ಪಾಗುವುದು ಅಲ್ಲಿ.

ಇನ್ನು ಯಜಮಾನರ ಮಾತು. ಎಳೆಬಿಸಿಲು ಮೈಯನ್ನು ಬೆಚ್ಚಗೆ ಮಾಡುತ್ತದೆ, ಮನಸ್ಸಿಗೂ ಹಿತ. ಆದರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಅತಿನೇರಳೆ ಕಿರಣಗಳು, ಸೂರ್ಯ ದಿಗಂತಕ್ಕೆ ಹತ್ತಿರವಿರುವಾಗ ವಾತಾವರಣದಲ್ಲಿ ಬಹಳ ದೂರ ಸಾಗಿ ಬರಬೇಕಾಗುವುದರಿಂದ, ಅವುಗಳಲ್ಲಿ ಹೆಚ್ಚಿನವು ನೆಲವನ್ನು ಮುಟ್ಟುವುದೇ ಇಲ್ಲ. ಇದಕ್ಕೊಂದು ಸುಲಭದ ಗುರುತಿದೆ. ಮಗುವಿನ ನೆರಳು ಮಗುವಿಗಿಂತ ಗಿಡ್ಡವಾಗಿರುವ ಹೊತ್ತೇ ಆ ಕಿರಣಗಳು ಚೆನ್ನಾಗಿ ಸಿಗುವ ಹೊತ್ತು. ಡಿಸೆಂಬರ್ ತಿಂಗಳಲ್ಲಿ ನಮ್ಮ ಸೀಮೆಯಲ್ಲಿ ಅದು ಸುಮಾರು ಹತ್ತೂವರೆಯಿಂದ ಎರಡು ಗಂಟೆಯವರೆಗೆ. ಏಪ್ರಿಲ್‌ನಲ್ಲಿ ಆ ಹೊತ್ತಿಗೆ ಮಗುವನ್ನು ಹೊರಗೆ ನಿಲ್ಲಿಸಲಾಗದು, ಮಾಗಿಯಲ್ಲಿ ನಿಲ್ಲಿಸಬಹುದು. ಹೀಗಾಗಿ ನಿಮ್ಮ ಮಗಳನ್ನು ಒಂಬತ್ತರ ನಂತರ ಹೊರಗೆ ಬಿಡಿ, ಸಾಧ್ಯವಾದ ದಿನಗಳಲ್ಲಿ ಹನ್ನೊಂದರ ಬಿಸಿಲಿನಲ್ಲಿ ಕೈಕಾಲು ತೆರೆದಿಟ್ಟು ಅರ್ಧ ಗಂಟೆ ಆಡಿಸಿ. ಅತ್ತೆಯವರ ಮಾತೂ ನಡೆಯಿತು, ಯಜಮಾನರ ಉದ್ದೇಶವೂ ಈಡೇರಿತು.

ನೆಗಡಿಯ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನೆಗಡಿ ಬರುವುದು ವೈರಾಣುವಿನಿಂದ, ಅದು ಬರುವುದು ಮತ್ತೊಬ್ಬ ಮನುಷ್ಯನಿಂದ. ಶಿಶುವಿಹಾರಕ್ಕೆ ಹೋಗುವ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿಯಾಗುವುದು ಸಾಮಾನ್ಯ. ಚಳಿಗಾಲದಲ್ಲಿ ಅದು ಹೆಚ್ಚಲು ಒಂದು ದೊಡ್ಡ ಕಾರಣ, ಕಿಟಕಿ ಬಾಗಿಲು ಮುಚ್ಚಿ ಎಲ್ಲರೂ ಒಂದೇ ಕೋಣೆಯ ಗಾಳಿಯನ್ನು ಉಸಿರಾಡುವುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಈ ತಪ್ಪು ಮಾಡಿದ್ದೇನೆ. ಪೋಷಕರು ಚಳಿಯೆಂದು ದೂರಿದ್ದಕ್ಕೆ ಒಂದು ಡಿಸೆಂಬರ್ ಪೂರ್ತಿ ಇಪ್ಪತ್ತೆರಡು ಮಕ್ಕಳನ್ನು ಹೆಂಚಿನ ಮನೆಯ ಒಂದೇ ಕೋಣೆಯಲ್ಲಿ ಕೂಡಿಹಾಕಿದೆ. ಒಂದು ಮಗುವಿಗೆ ಬಂದ ಕೆಮ್ಮು ಹದಿನೈದು ದಿನಗಳಲ್ಲಿ ಎಲ್ಲರನ್ನೂ ಸುತ್ತಿ, ಕೊನೆಗೆ ನನ್ನನ್ನೂ ಮಲಗಿಸಿತು. ಮುಂದಿನ ವರ್ಷದಿಂದ ಹಾಜರಿ ಹಾಕುವುದನ್ನೂ ಅಂಗಳಕ್ಕೆ ಸಾಗಿಸಿದೆ.

ಉಡುಪಿನ ವಿಷಯದಲ್ಲಿ ನಮ್ಮ ತಾಯಂದಿರು ಅತಿಯಾಗಿ ಹೊದಿಸುತ್ತಾರೆ. ದಪ್ಪನೆಯ ಒಂದೇ ಸ್ವೆಟರ್‌ಗಿಂತ, ಬನಿಯನ್, ಅದರ ಮೇಲೊಂದು ತುಂಬುತೋಳಿನ ಅಂಗಿ, ಅದರ ಮೇಲೊಂದು ತೆಳು ಸ್ವೆಟರ್ ಹೀಗೆ ಪದರ ಪದರವಾಗಿ ಹಾಕಿದರೆ ನಡುವಿನ ಗಾಳಿಯೇ ಬೆಚ್ಚಗಿಡುತ್ತದೆ, ಮಗು ಓಡಿ ಬೆವರತೊಡಗಿದಾಗ ಒಂದೊಂದಾಗಿ ತೆಗೆಯಲೂ ಬರುತ್ತದೆ. ಮಗುವಿಗೆ ಚಳಿಯಾಗಿದೆಯೇ ಎಂದು ತಿಳಿಯಲು ಕೈಬೆರಳು ಮುಟ್ಟಿ ನೋಡಬೇಡಿ. ಆಡುವ ಮಗುವಿನ ಕೈ ಸಾಮಾನ್ಯವಾಗಿ ತಣ್ಣಗಿರುತ್ತದೆ. ಕುತ್ತಿಗೆಯ ಹಿಂಭಾಗಕ್ಕೆ, ಬೆನ್ನಿಗೆ ಕೈಹಾಕಿ ನೋಡಿ. ಅಲ್ಲಿ ಬೆಚ್ಚಗಿದ್ದರೆ ಸಾಕು, ಬೆವರಿದ್ದರೆ ಹೊದಿಕೆ ಹೆಚ್ಚಾಗಿದೆ. ಬೆವರಿದ ಬನಿಯನ್ ಮೈಮೇಲೆಯೇ ತಣ್ಣಗಾಗುವುದು ಇಬ್ಬನಿಯಲ್ಲಿ ನೆನೆದಷ್ಟೇ ಕೆಟ್ಟದ್ದು; ಒಳಗೆ ಬಂದ ಕೂಡಲೇ ಬದಲಾಯಿಸಿ. ಟೋಪಿಯ ದಾರವನ್ನು ಗದ್ದದ ಕೆಳಗೆ ಬಿಗಿಯಾಗಿ ಕಟ್ಟಿ ಉಯ್ಯಾಲೆ, ಜಾರುಬಂಡಿಯ ಹತ್ತಿರ ಬಿಡಬೇಡಿ.

ಮೂಗು ಸೋರುವುದೊಂದೇ ಆದರೆ, ಮಗು ಲವಲವಿಕೆಯಿಂದಿದ್ದರೆ, ಹೊರಗೆ ಆಡಲು ಅಡ್ಡಿಯಿಲ್ಲ. ಜ್ವರವಿದ್ದರೆ ಮನೆಯಲ್ಲಿರಲಿ. ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಅಥವಾ ಸುಮ್ಮನೆ ಮಲಗಿರುವಾಗಲೂ ಒಂದರಿಂದ ಐದು ವರ್ಷದೊಳಗಿನ ಮಗುವಿನ ಉಸಿರು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಉಬ್ಬಸವಿರುವ ಮಕ್ಕಳಿಗೆ ಚಳಿಗಾಳಿ ತೊಂದರೆ ಕೊಡುವುದು ನಿಜ. ಆದರೆ ಅದಕ್ಕಿಂತ ದೊಡ್ಡ ಶತ್ರು ಹೊಗೆ. ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಅದರ ಮೇಲಿನದು ಬೆಚ್ಚಗಿರುವುದರಿಂದ ಬಚ್ಚಲೊಲೆಯ ಹೊಗೆಯೂ, ಗುಡಿಸಿ ಬೆಂಕಿಯಿಟ್ಟ ಕಸದ ಹೊಗೆಯೂ ಮೇಲೇರದೆ ಮಕ್ಕಳ ಮುಖದ ಎತ್ತರದಲ್ಲಿಯೇ ನಿಲ್ಲುತ್ತವೆ. ಬೆಳಗಿನ ಚಳಿಗೆ ಅಂಗಳದಲ್ಲಿ ಬೆಂಕಿ ಹಾಕಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಅಭ್ಯಾಸ ನಿಮ್ಮಲ್ಲಿದ್ದರೆ ದಯವಿಟ್ಟು ಬಿಡಿ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಮೂರರಿಂದ ಆರು ವರ್ಷದ 17 ಮಕ್ಕಳಿದ್ದಾರೆ. ಕೋಣೆ ಚಿಕ್ಕದು, ಮುಂದೆ ಅಂಗಳ, ಹಲಸಿನ ಮರ, ಪಕ್ಕದಲ್ಲಿ ಒಬ್ಬರ ಕಣವಿದೆ. ಹೊರದೇಶದ ಶಾಲೆಗಳಲ್ಲಿ ಮಕ್ಕಳು ಹಿಮದಲ್ಲಿ ಆಡುತ್ತಾ ಕಲಿಯುವುದನ್ನು ಮೊಬೈಲಿನಲ್ಲಿ ನೋಡಿದೆ. ನಮ್ಮಲ್ಲಿ ಹಿಮವಿಲ್ಲ. ಚಳಿಗಾಲದಲ್ಲಿ ಹೊರಗೆ ಏನು ಕಲಿಸಬಹುದು? ಹೊರಗೆ ಆಡಿಸಿದರೆ ಅಕ್ಷರ ಯಾವಾಗ ಕಲಿಸುತ್ತೀರಿ ಎಂದು ಪೋಷಕರು ಕೇಳುತ್ತಾರೆ.
(ಬೇಲೂರು ತಾಲ್ಲೂಕಿನ ಕಾರ್ಯಕರ್ತೆ)

ಉತ್ತರ: ನಿಮ್ಮ ಪತ್ರ ಓದಿ ನನಗೆ ತುಂಬ ಸಂತೋಷವಾಯಿತು, ಏಕೆಂದರೆ ನಿಮಗಿರುವ ಅಂಗಳ, ಮರ, ಕಣ ಈ ಮೂರನ್ನು ಪಟ್ಟಣದ ದೊಡ್ಡ ಶಾಲೆಗಳು ಹಣ ಕೊಟ್ಟೂ ಪಡೆಯಲಾರವು. ಡೆನ್ಮಾರ್ಕಿನಲ್ಲಿ 1950ರ ದಶಕದಲ್ಲಿ ತಾಯಿಯೊಬ್ಬರು ತಮ್ಮ ಮಕ್ಕಳನ್ನೂ ನೆರೆಯ ಮಕ್ಕಳನ್ನೂ ನಿತ್ಯ ಕಾಡಿಗೆ ಕರೆದೊಯ್ಯಲು ಆರಂಭಿಸಿದ್ದೇ ಮುಂದೆ ಅಲ್ಲಿನ ಕಾಡಿನ ಶಿಶುವಿಹಾರಗಳಾಗಿ ಬೆಳೆಯಿತು. ಅಲ್ಲಿ ಡಿಸೆಂಬರ್‌ನ ಹಗಲು ಏಳು ಗಂಟೆಯಷ್ಟೇ ಇರುತ್ತದೆ. ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಹನ್ನೊಂದು ಗಂಟೆಗಿಂತ ಹೆಚ್ಚಿನ ಬೆಳಕಿದೆ. ಹಿಮ ಅವರ ಚಳಿಗಾಲದ ಪಾಠ. ನಮ್ಮ ಚಳಿಗಾಲಕ್ಕೆ ನಮ್ಮದೇ ಪಾಠಗಳಿವೆ.

ಮೊದಲಿಗೆ ಕೊಬ್ಬರಿ ಎಣ್ಣೆಯಿಂದ ಆರಂಭಿಸಿ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ಮಾಗಿಯ ಬೆಳಿಗ್ಗೆ ಪ್ರತಿ ಮನೆಯಲ್ಲಿಯೂ ಬಾಟಲಿಯೊಳಗೆ ಬೆಳ್ಳಗೆ ಕುಳಿತಿರುತ್ತದೆ. ಸಣ್ಣ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಹೆಪ್ಪುಗಟ್ಟಿದ ಎಣ್ಣೆ ತರಿಸಿ, ಒಂದನ್ನು ಬಿಸಿಲಿನಲ್ಲಿ, ಇನ್ನೊಂದನ್ನು ಹಲಸಿನ ನೆರಳಿನಲ್ಲಿ ಇಡಿ. ಮೂರನೆಯದನ್ನು ಕಂಬಳಿಯಲ್ಲಿ ಸುತ್ತಿ ಅದೇ ನೆರಳಿನಲ್ಲಿಯೇ ಇಡಿ. ಯಾವುದು ಮೊದಲು ಕರಗುತ್ತದೆ ಎಂದು ಮಕ್ಕಳನ್ನು ಕೇಳಿ. ಅನೇಕರು ಕಂಬಳಿಯದೇ ಎನ್ನುತ್ತಾರೆ, ಏಕೆಂದರೆ ಕಂಬಳಿ ಬಿಸಿ ಕೊಡುತ್ತದೆಂದು ಅವರು ನಂಬಿರುತ್ತಾರೆ. ಒಂದು ಗಂಟೆಯ ಮೇಲೆ ಬಿಚ್ಚಿ ನೋಡಿದರೆ ಬಿಸಿಲಿನದು ನೀರಾಗಿರುತ್ತದೆ, ಕಂಬಳಿಯದು ಗಟ್ಟಿಯಾಗಿಯೇ ಇರುತ್ತದೆ. ಆಗ ನೀವು ವಿವರಣೆ ಕೊಡಲು ಅವಸರಪಡಬೇಡಿ. ಅವರು ಯೋಚಿಸಲಿ. ಮರುದಿನ ಒಬ್ಬಳಾದರೂ ಬಂದು, ಬಿಸಿ ಇರುವುದು ನಮ್ಮ ಮೈಯಲ್ಲಿ, ಕಂಬಳಿಯಲ್ಲಿ ಅಲ್ಲ ಎನ್ನುತ್ತಾಳೆ. ನಾನು ಇದನ್ನು ಮಾಡಿಸಿದ ಹಲವು ವರ್ಷಗಳಲ್ಲಿ ಹಾಗೆ ಹೇಳಿದ ಮಕ್ಕಳು ಇದ್ದೇ ಇದ್ದರು.

ಎರಡನೆಯದು ಇಬ್ಬನಿ. ಸಂಜೆ ಮನೆಗೆ ಹೋಗುವಾಗ ಎರಡು ಸ್ಟೀಲ್ ತಟ್ಟೆಗಳನ್ನು ಇಡಿಸಿ, ಒಂದು ಬಯಲಿನಲ್ಲಿ, ಇನ್ನೊಂದು ಮರದ ಕೆಳಗೆ. ಬೆಳಿಗ್ಗೆ ನೀವೇ ಬೇಗ ಹೋಗಿ ಅವುಗಳನ್ನು ನೆರಳಿಗೆ ಸರಿಸಿಟ್ಟರೆ ಮಕ್ಕಳು ಬರುವವರೆಗೂ ಹನಿಗಳು ಉಳಿಯುತ್ತವೆ. ಬಯಲಿನ ತಟ್ಟೆಯ ಮೇಲೆ ಹನಿ ಕೂತಿರುತ್ತದೆ, ಮರದ ಕೆಳಗಿನದು ಬಹುಪಾಲು ಒಣಗಿಯೇ ಇರುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಬಯಲಿನ ವಸ್ತುಗಳು ತಮ್ಮ ಬಿಸಿಯನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣ್ಣಗಾಗುತ್ತವೆ. ಅವುಗಳನ್ನು ತಾಗಿದ ಗಾಳಿಯಲ್ಲಿನ ತೇವ ಹನಿಯಾಗುತ್ತದೆ. ಮರ ಮೇಲಿನಿಂದ ಮುಚ್ಚಿಕೊಂಡಿರುವ ಕಡೆ ಹಾಗಾಗುವುದಿಲ್ಲ. ಇಷ್ಟೆಲ್ಲವನ್ನು ನಾಲ್ಕು ವರ್ಷದ ಮಗುವಿಗೆ ಹೇಳಬೇಕಾಗಿಲ್ಲ. ಇಬ್ಬನಿ ಮಳೆಯ ಹಾಗೆ ಮೇಲಿನಿಂದ ಬಿದ್ದದ್ದಲ್ಲ, ತಟ್ಟೆಯ ಮೇಲೆಯೇ ಹುಟ್ಟಿದ್ದು ಎಂಬುದು ಅದರ ಮನಸ್ಸಿಗೆ ಬಂದರೆ ಬಹಳವಾಯಿತು. ಬೇಲಿಯ ಮೇಲಿನ ಜೇಡರ ಬಲೆಯನ್ನೂ ಆಗಲೇ ತೋರಿಸಿ. ಉಳಿದ ದಿನ ಕಣ್ಣಿಗೆ ಬೀಳದ ಬಲೆಗಳು ಆ ಹೊತ್ತಿನಲ್ಲಿ ಎಣಿಸುವಷ್ಟು ಸ್ಪಷ್ಟವಾಗಿರುತ್ತವೆ.

ಇಲ್ಲಿಯೇ ಭಾಷೆಯ ಪಾಠವಿದೆ. ಇಬ್ಬನಿ, ಮಂಜು, ಕಾವಳ ಇವು ಮೂರೂ ಬೇರೆ ಬೇರೆ. ಒದ್ದೆ, ತೇವ, ಹಸಿ, ಪಸೆ ಇವೂ ಬೇರೆ. ನೆಲದಲ್ಲಿ ಪಸೆಯಿದೆ ಎನ್ನುತ್ತೇವೆ, ಬಟ್ಟೆ ಒದ್ದೆ ಎನ್ನುತ್ತೇವೆ, ಕಟ್ಟಿಗೆ ಹಸಿ ಎನ್ನುತ್ತೇವೆ. ಗೋಡೆಯ ಚಿತ್ರಪಟದಲ್ಲಿ ಈ ಮಾತುಗಳನ್ನು ಕಲಿಸಲು ಬರುವುದಿಲ್ಲ. ಮಗು ಮಣ್ಣನ್ನು, ಬಟ್ಟೆಯನ್ನು, ಕಡ್ಡಿಯನ್ನು ಕೈಯಲ್ಲಿ ಹಿಡಿದಿರುವಾಗ ಒಮ್ಮೆ ಹೇಳಿದರೆ ಸಾಕು. ಅಕ್ಷರ ಯಾವಾಗ ಎಂದು ಕೇಳುವ ಪೋಷಕರಿಗೆ ನಾನು ಕೊಡುತ್ತಿದ್ದ ಉತ್ತರವೂ ಇದೇ: ಮಾತಿಲ್ಲದ ಮಗುವಿಗೆ ಅಕ್ಷರ ಬಂದರೂ ಅದು ಓದುವುದು ಏನನ್ನು? ಅವರೆಕಾಯಿ ಸುಲಿದು, ಕಾಳು ಹಿತುಕಿ ಪಳಗಿದ ಬೆರಳುಗಳಿಗೆ ಬಳಪ ಹಿಡಿಯುವುದು ಮುಂದೆ ಸುಲಭವಾಗುತ್ತದೆ ಎಂಬುದನ್ನೂ ಅವರಿಗೆ ತಿಳಿಸಿ.

ನೆರಳಿನ ಪಾಠಕ್ಕೆ ಡಿಸೆಂಬರ್‌ನಷ್ಟು ಒಳ್ಳೆಯ ತಿಂಗಳು ಮತ್ತೊಂದಿಲ್ಲ. ಅಂಗಳದ ಮಧ್ಯದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟು, ಅದರ ನೆರಳಿನ ತುದಿಗೆ ಮಕ್ಕಳಿಂದ ಕಲ್ಲು ಇಡಿಸಿ. ಹತ್ತೂವರೆಗೊಂದು, ಹನ್ನೊಂದೂವರೆಗೊಂದು, ಊಟಕ್ಕೆ ಮೊದಲೊಂದು. ಇದಕ್ಕೂ ಮೊದಲು ಒಬ್ಬ ಮಗುವನ್ನು ನಿಲ್ಲಿಸಿ ಅದರ ನೆರಳಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಸಿ, ಹಾಜರಿ ಮುಗಿದ ಮೇಲೆ ಅದೇ ಮಗುವನ್ನು ಅದೇ ಜಾಗದಲ್ಲಿ ನಿಲ್ಲಿಸಿ. ನೆರಳು ಗೆರೆಯೊಳಗೆ ಕೂರುವುದಿಲ್ಲ. ಯಾರು ಕದ್ದರು ಎಂಬ ಗಲಾಟೆಯಿಂದಲೇ ಪಾಠ ಶುರುವಾಗುತ್ತದೆ. ಬೇಲೂರಿನ ಕಡೆ ಸೂರ್ಯ ನೆತ್ತಿಯ ಹತ್ತಿರಕ್ಕೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಡಿಸೆಂಬರ್ ಕೊನೆಯಲ್ಲಿ ಸುಮಾರು 12.25ಕ್ಕೆ, ನಮ್ಮ ಗಡಿಯಾರ ನಮಗಿಂತ ಬಹಳ ಪೂರ್ವದಲ್ಲಿರುವ ರೇಖಾಂಶವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಡಿಸೆಂಬರ್ 21 ಅಥವಾ 22ರಂದು ಆ ಹೊತ್ತಿಗೆ ಒಂದು ಮೀಟರ್ ಕೋಲಿನ ನೆರಳು ಮುಕ್ಕಾಲು ಮೀಟರಿನಷ್ಟಿರುತ್ತದೆ. ವರ್ಷದಲ್ಲಿ ಮಧ್ಯಾಹ್ನದ ನೆರಳು ಅತಿ ಉದ್ದವಾಗುವ ದಿನ ಅದೇ. ಸಂಕ್ರಾಂತಿಯ ಹೊತ್ತಿಗೆ ಐದಾರು ಸೆಂಟಿಮೀಟರ್ ಕುಗ್ಗಿರುತ್ತದೆ. ಏಪ್ರಿಲ್ ನಾಲ್ಕನೆಯ ವಾರದಲ್ಲಿ ಒಂದು ದಿನ ನೆರಳು ಪೂರ್ತಿ ಕೋಲಿನ ಬುಡಕ್ಕೆ ಸೇರಿಹೋಗುತ್ತದೆ. ಕೋಲನ್ನು ಕೀಳದೆ ಅಲ್ಲಿಯವರೆಗೂ ಬಿಟ್ಟು, ವಾರಕ್ಕೊಮ್ಮೆ ಅದೇ ಹೊತ್ತಿಗೆ ಕಲ್ಲು ಇಡಿಸುತ್ತಾ ಬಂದರೆ, ಉತ್ತರಾಯಣವೆಂದು ಹಿರಿಯರು ಕರೆಯುವುದು ಏನನ್ನೆಂದು ಮಕ್ಕಳು ಅಂಗಳದಲ್ಲಿಯೇ ಕಂಡಿರುತ್ತಾರೆ. ಅಳತೆಪಟ್ಟಿ ಬೇಡ, ಅವರವರ ಪಾದದಿಂದಲೇ ಅಳೆಯಲಿ.

ಪಕ್ಕದ ಕಣದವರನ್ನು ಕೇಳಿಕೊಂಡು ವಾರಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ರಾಗಿಯ ಕಣವಾದರೆ ತೂರುವುದನ್ನು ನೋಡಲಿ. ಹೊಟ್ಟು ಏಕೆ ದೂರ ಹೋಯಿತು, ಕಾಳು ಏಕೆ ಹತ್ತಿರ ಬಿತ್ತು ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಕಾಫಿಯ ಕಣವಾದರೆ ಇನ್ನೂ ಒಳ್ಳೆಯದು. ಅರೇಬಿಕ ನವೆಂಬರ್‌ನಿಂದ ಜನವರಿಯವರೆಗೂ, ರೊಬಸ್ಟ ಡಿಸೆಂಬರ್‌ನಿಂದ ಫೆಬ್ರವರಿಯವರೆಗೂ ಕುಯ್ಲಿಗೆ ಬರುತ್ತವೆ. ಒಂದು ಹಣ್ಣನ್ನು ಹಿಸುಕಿದರೆ ಸಾಮಾನ್ಯವಾಗಿ ಎರಡು ಬೀಜ, ಅಪರೂಪಕ್ಕೆ ದುಂಡಗಿನ ಒಂದೇ ಬೀಜ. ಒಂಟಿ ಬೀಜ ಸಿಕ್ಕಿದ ಮಗುವಿನ ಮುಖವನ್ನು ನೀವೇ ನೋಡಬೇಕು. ಐದು ಹಣ್ಣಿಗೆ ಎಷ್ಟು ಬೀಜ ಎಂಬ ಲೆಕ್ಕ ಆರು ವರ್ಷದವರಿಗೆ ಅಲ್ಲಿಯೇ ಆಗುತ್ತದೆ. ಮೂರು ವರ್ಷದವರು ಕೆಂಪು, ಹಳದಿ, ಹಸಿರು ಎಂದು ಗುಡ್ಡೆ ಮಾಡಲಿ. ನಾನು ಚಿಕ್ಕವಳಿದ್ದಾಗ ಒಣಹಾಕಿದ ಕಾಫಿಯನ್ನು ಕಾಲಿನಿಂದ ಸಾಲು ಎಳೆಯುತ್ತಾ ಕಣದ ಈ ಕೊನೆಯಿಂದ ಆ ಕೊನೆಗೆ ನಡೆಯುವುದೇ ನಮ್ಮ ಬೆಳಗಿನ ಆಟವಾಗಿತ್ತು. ನೇರವಾದ ಗೆರೆಯೆಂದರೇನು ಎಂಬುದು ನನಗೆ ತಿಳಿದದ್ದು ಹಾಗೆ.

ಎರಡು ಎಚ್ಚರಿಕೆಗಳನ್ನು ಮರೆಯಬೇಡಿ. ಮೂರು ವರ್ಷದ ಮಕ್ಕಳು ಅವರೆಕಾಳು, ಕಾಫಿಬೀಜಗಳನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತವೆ. ಆದ್ದರಿಂದ ಅವರ ಕೈಗೆ ಬೀಜ ಕೊಟ್ಟಾಗ ನೀವು ಅಥವಾ ಸಹಾಯಕಿ ಪಕ್ಕದಲ್ಲಿಯೇ ಕುಳಿತಿರಬೇಕು. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚುವಾಗ ಅದರಲ್ಲಿನ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಚೂರುಗಳು ಉಸಿರ್ನಾಳಕ್ಕೆ ಸಿಕ್ಕಿಕೊಳ್ಳುವಂತಹವು. ಚಿಕ್ಕವರಿಗೆ ಪುಡಿ ಮಾಡಿ ಕೊಡಿ. ದೊಡ್ಡವರೂ ಕುಳಿತು ತಿನ್ನಲಿ. ಬಾಯಲ್ಲಿ ಇಟ್ಟುಕೊಂಡು ಓಡುವುದು ಬೇಡವೇ ಬೇಡ.

ಆಟದ ವಿಷಯ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕೆರೆ–ದಡ, ಕಣ್ಣಾಮುಚ್ಚಾಲೆ, ಕುಂಟೆಬಿಲ್ಲೆ ಎಲ್ಲವೂ ಚಳಿಯಲ್ಲಿ ಮೈ ಬಿಸಿಮಾಡುವ ಆಟಗಳೇ. ಒಂದೇ ಮಾತು: ಚಳಿಗಾಲದಲ್ಲಿ ಓಡುವ ಆಟವನ್ನು ಮೊದಲು ಇಟ್ಟು, ಕುಳಿತು ಮಾಡುವ ಕೆಲಸವನ್ನು ಮೈ ಕಾದ ಮೇಲೆ ಇಡಿ. ಕಲ್ಲಿನ ಮೇಲೋ ತಣ್ಣನೆಯ ನೆಲದ ಮೇಲೋ ಕೂರಿಸುವ ಮೊದಲು ಗೋಣಿಚೀಲ ಹಾಸಿ.

ಪ್ರಶ್ನೆ: ಹಾಸನ ನಗರದಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆ ನಮ್ಮದು. ಮಗನಿಗೆ ಐದು ವರ್ಷ. ಸಂಜೆ ಬೇಗ ಕತ್ತಲಾಗುವುದರಿಂದ ಶಾಲೆಯಿಂದ ಬಂದವನು ಫೋನ್ ಹಿಡಿದರೆ ಮಲಗುವವರೆಗೂ ಬಿಡುವುದಿಲ್ಲ. ಅಂಗಳವಿಲ್ಲದವರು ಏನು ಮಾಡಬೇಕು?
(ಒಬ್ಬ ತಂದೆ, ಹಾಸನ)

ಉತ್ತರ: ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ದೈಹಿಕ ಚಟುವಟಿಕೆ ಇರಬೇಕು, ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಿಮ್ಮ ಮಗ ಅದಕ್ಕಿಂತ ಸ್ವಲ್ಪ ದೊಡ್ಡವನಾದರೂ ಈ ಅಳತೆ ನಿಮಗೆ ದಾರಿ ತೋರಿಸುತ್ತದೆ. ಕಣ್ಣಿನ ವಿಚಾರ ಇದಕ್ಕಿಂತಲೂ ಮುಖ್ಯವೆಂದು ನನಗೆ ಅನಿಸುತ್ತದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣದ ಅವಧಿ ಕೊಟ್ಟು ಮೂರು ವರ್ಷ ಗಮನಿಸಿದಾಗ, ಅವರಲ್ಲಿ ಸಮೀಪದೃಷ್ಟಿ ದೋಷ ಬಂದವರು ಸುಮಾರು ಶೇ. 30, ಎಂದಿನಂತೆ ನಡೆದ ಶಾಲೆಗಳಲ್ಲಿ ಸುಮಾರು ಶೇ. 40. ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮರದ ನೆರಳಿನಲ್ಲಿ ಕೂಡ ಮನೆಯೊಳಗಿನದಕ್ಕಿಂತ ಹಲವು ಪಟ್ಟು ಬೆಳಕಿರುತ್ತದೆ. ಬೆಳೆಯುವ ಕಣ್ಣಿಗೆ ಬೇಕಾದದ್ದು ಆ ಬೆಳಕು.

ಹಾಸನದಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಸುಮಾರಿಗೆ. ಮಗ ನಾಲ್ಕಕ್ಕೆ ಮನೆಗೆ ಬಂದರೆ ನಿಮಗೆ ಎರಡು ಗಂಟೆಯ ಬೆಳಕು ಸಿಗುತ್ತದೆ. ಬಂದವನಿಗೆ ಕೈಕಾಲು ತೊಳೆಸಿ, ರಾಗಿ ಗಂಜಿಯನ್ನೋ ಹಾಲನ್ನೋ ಕುಡಿಸಿ, ಫೋನ್ ಅವನ ಕಣ್ಣಿಗೆ ಬೀಳುವ ಮೊದಲೇ ಕೆಳಗಿಳಿಸಿ. ಮೊದಲು ಫೋನ್ ಕೊಟ್ಟು ಆಮೇಲೆ ಕಿತ್ತುಕೊಳ್ಳುವುದು ನಡೆಯುವ ಮಾತಲ್ಲ. ಮಹಾರಾಜ ಪಾರ್ಕ್ ಹತ್ತಿರವಿದ್ದರೆ ಅಲ್ಲಿಗೆ, ಇಲ್ಲವಾದರೆ ಬೀದಿಯ ಕೊನೆಯವರೆಗೆ ನಡೆದು ಬನ್ನಿ. ಮಾಳಿಗೆಗೆ ಸುತ್ತಲೂ ಎತ್ತರದ ಗೋಡೆಯಿದ್ದರೆ, ನೀವು ಜೊತೆಗಿದ್ದು, ಅದನ್ನೇ ಅಂಗಳ ಮಾಡಿಕೊಳ್ಳಿ. ಒಂದು ಬಾಣಲಿಯಲ್ಲಿ ಮಣ್ಣು ತುಂಬಿ ಮೆಂತ್ಯ ಬಿತ್ತಿಸಿ. ಚಳಿಗಾಲ ಮೆಂತ್ಯಕ್ಕೆ ಒಗ್ಗುವ ಕಾಲ, ಕೆಲವೇ ದಿನಗಳಲ್ಲಿ ಮೊಳಕೆ ಕಾಣುತ್ತದೆ.

ಭಾನುವಾರಗಳಲ್ಲಿ ಹಳೇಬೀಡಿಗೆ ಹೋಗಿ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗುಡಿಗೆ ಐದು ವರ್ಷದ ಮಗುವನ್ನು ಏಕೆ ಎನ್ನಬೇಡಿ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಅತಿ ಕೆಳಗಿನ ಸಾಲಿನಲ್ಲಿ ಇರುವುದು ಆನೆಗಳು. ಅಂದರೆ ಮಗುವಿನ ಕಣ್ಣಿನ ಮಟ್ಟಕ್ಕೆ ದೊಡ್ಡವರಿಗಿಂತ ಹತ್ತಿರ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಎಣಿಸಲಿ, ಸೊಂಡಿಲು ಬೇರೆಯಾಗಿರುವುದನ್ನು ಹುಡುಕಲಿ. ಪಾದರಕ್ಷೆ ಬಿಟ್ಟು ನಡೆಯಬೇಕಾದ ಕಲ್ಲು ಬೆಳಿಗ್ಗೆ ಕೊರೆಯುತ್ತದೆ, ಮಧ್ಯಾಹ್ನ ಮಾಗಿಯಲ್ಲಿಯೂ ಸುಡುತ್ತದೆ. ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿರಲಿ. ಪಕ್ಕದ ದ್ವಾರಸಮುದ್ರದ ಕೆರೆಯ ದಂಡೆಯಲ್ಲಿ ಬಾಲವನ್ನು ಬಿಡದೆ ಕುಣಿಸುವ ಹಕ್ಕಿ ಕಂಡರೆ ಅದು ಸಿಪಿಲೆ. ಅವುಗಳಲ್ಲಿ ಬೂದು ಬೆನ್ನು, ಹಳದಿ ಹೊಟ್ಟೆಯದು ಹಿಮಾಲಯ ಮತ್ತು ಅದಕ್ಕೂ ಉತ್ತರದ ನಾಡುಗಳಿಂದ ಚಳಿಗಾಲ ಕಳೆಯಲು ನಮ್ಮಲ್ಲಿಗೆ ಬರುವ ಅತಿಥಿ. ಅಷ್ಟು ದೂರದಿಂದ ಬಂದ ಹಕ್ಕಿ ನಮ್ಮ ಚಳಿಯನ್ನು ಬೆಚ್ಚಗೆಂದು ಭಾವಿಸುತ್ತದೆ ಎಂದು ಮಗನಿಗೆ ಹೇಳಿ.

ಪ್ರಶ್ನೆ: ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ಮೊಮ್ಮಕ್ಕಳು ಬರುತ್ತಾರೆ. ಒಬ್ಬನಿಗೆ ಆರು, ಒಬ್ಬಳಿಗೆ ಮೂರೂವರೆ. ನಮ್ಮ ಮನೆ ಕಾಡಿನ ಅಂಚಿನಲ್ಲಿದೆ. ಮಂಗನ ಕಾಯಿಲೆಯ ಹೆದರಿಕೆಯಿಂದ ಸೊಸೆ ಮಕ್ಕಳನ್ನು ಜಗಲಿಯಿಂದ ಇಳಿಸುವುದಿಲ್ಲ. ಹೇಗೆ ಕಳೆಯಲಿ?
(ಒಬ್ಬ ಅಜ್ಜಿ, ಕೊಪ್ಪ ತಾಲ್ಲೂಕು)

ಉತ್ತರ: ಅಮ್ಮಾ, ನಿಮ್ಮ ಸೊಸೆಯ ಹೆದರಿಕೆ ಸುಳ್ಳಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ನಿಮ್ಮ ಜಿಲ್ಲೆಯ ಮಲೆನಾಡಿನಲ್ಲಿಯೂ ಕಾಣಿಸಿಕೊಂಡಿದೆ, ಮತ್ತು ಅದರ ಕಾಲ ನವೆಂಬರ್‌ನಿಂದ ಬೇಸಿಗೆಯವರೆಗೆ. ಮಳೆ ನಿಂತು ನೆಲ ಒಣಗಿದಾಗ ಮರಿ ಉಣುಗುಗಳು ತರಗೆಲೆಯಲ್ಲಿ ಹೆಚ್ಚುತ್ತವೆ. ಸೋಂಕಿರುವ ಉಣುಗು ಕಚ್ಚಿದರೆ ಕಾಯಿಲೆ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಅದು ಹರಡುವುದಿಲ್ಲ. ಹೀಗಾಗಿ ಹೆದರಬೇಕಾದದ್ದು ಕಾಡಿನ ತರಗೆಲೆಗೆ, ಗುಡಿಸಿ ಸಾರಿಸಿದ ಅಂಗಳಕ್ಕಲ್ಲ.

ಗುಡಿಸಿದ ಅಂಗಳ, ಕಣ, ಗದ್ದೆಯ ಬಯಲು ಇವಿಷ್ಟು ಮಕ್ಕಳಿಗೆ ಇರಲಿ. ಕಾಡು, ಕಾಡಿಗೆ ತಾಗಿದ ತೋಟದ ಅಂಚು, ಕೊಟ್ಟಿಗೆಗೆ ತಂದು ಹಾಕಿದ ದರಗಿನ (ಒಣ ತರಗೆಲೆಯ) ರಾಶಿ ಈ ಬಾರಿ ಬೇಡ. ದರಗಿನ ರಾಶಿಯ ಮೇಲೆ ಹಾರುವುದು ಮಕ್ಕಳಿಗೆ ಎಷ್ಟು ಇಷ್ಟವೆಂಬುದು ನನಗೆ ಗೊತ್ತು, ಆದರೂ ಇದರಲ್ಲಿ ರಿಯಾಯಿತಿ ಕೊಡಬೇಡಿ. ಅಂಗಳದ ಗಡಿಗೆ ರಂಗೋಲಿ ಪುಡಿಯಿಂದ ಅಗಲವಾದ ಗೆರೆ ಎಳೆದು ಇದರಾಚೆ ಅಜ್ಜಿಯ ಕೈ ಹಿಡಿದೇ ಹೋಗಬೇಕು ಎಂದರೆ ಮೂರೂವರೆಯವಳಿಗೂ ಅರ್ಥವಾಗುತ್ತದೆ. ತುಂಬುತೋಳು, ಉದ್ದ ಪ್ಯಾಂಟ್, ಅದರ ಅಂಚನ್ನು ಕಾಲುಚೀಲದೊಳಗೆ ಸೇರಿಸಿದ್ದು ಇಷ್ಟು ಉಡುಪು ಇರಲಿ. ಮೈಗೆ ಹಚ್ಚುವ ಎಣ್ಣೆಯನ್ನು ಆರೋಗ್ಯ ಇಲಾಖೆ ಈ ಭಾಗದಲ್ಲಿ ಹಂಚುತ್ತದೆ. ಮಕ್ಕಳ ವಯಸ್ಸು ತಿಳಿಸಿ, ಹಚ್ಚಬಹುದೇ ಎಂದು ಆಶಾ ಕಾರ್ಯಕರ್ತೆಯನ್ನು ಮೊದಲು ಕೇಳಿ. ಎಲ್ಲಿಯಾದರೂ ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಅವರಿಗೇ ಸುದ್ದಿ ಕೊಡಿ. ಮಕ್ಕಳು ಬೆಂಗಳೂರಿಗೆ ಮರಳಿದ ಮೇಲೆ ಹಠಾತ್ತಾಗಿ ಜ್ವರ, ತಲೆನೋವು, ಮೈಕೈನೋವು ಬಂದರೆ, ರಜೆಯಲ್ಲಿ ಮಲೆನಾಡಿನಲ್ಲಿದ್ದರೆಂದು ವೈದ್ಯರಿಗೆ ಹೇಳಲು ಸೊಸೆಗೆ ಈಗಲೇ ತಿಳಿಸಿಡಿ.

ಇದನ್ನು ಓದುವ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯವರಿಗೆ ಇನ್ನೊಂದು ಮಾತು. ನಿಮ್ಮಲ್ಲಿ ಆನೆಗಳ ಓಡಾಟವಿದೆ. ಕಾವಳ ಕವಿದ ಬೆಳಿಗ್ಗೆ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ. ಅರಣ್ಯ ಇಲಾಖೆಯ ಸಂದೇಶ ನೋಡದೆ, ತೋಟದ ಕೆಲಸದವರನ್ನು ವಿಚಾರಿಸದೆ ಮಕ್ಕಳನ್ನು ತೋಟದ ದಾರಿಯಲ್ಲಿ ಕರೆದೊಯ್ಯಬೇಡಿ. ಸಂಜೆ ಐದರ ಮೇಲೆ ಬೇಡವೇ ಬೇಡ.

ಅಮ್ಮಾ, ನಿಮ್ಮ ಮೊಮ್ಮಕ್ಕಳು ಸಂಜೆ ಒಳಗೆ ಬಂದ ಕೂಡಲೇ ಬಟ್ಟೆ ಬಿಚ್ಚಿಸಿ ಬಿಸಿನೀರಿಗೆ ಹಾಕಿ, ಹಂಡೆಯ ನೀರಿನಲ್ಲಿ ಸ್ನಾನ ಮಾಡಿಸಿ. ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದು, ಮಂಡಿಯ ಹಿಂಭಾಗ, ತಲೆಗೂದಲಿನ ಬುಡ ಇವುಗಳನ್ನು ಬೆಳಕಿನಲ್ಲಿ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆದು ತೆಗೆಯಿರಿ. ಬೆರಳಿನಿಂದ ಹಿಸುಕುವುದು, ಸೀಮೆಎಣ್ಣೆ ಹಾಕುವುದು, ಬೆಂಕಿ ತಾಗಿಸುವುದು ಬೇಡ. ಆಮೇಲೆ ಆ ಜಾಗವನ್ನೂ ನಿಮ್ಮ ಕೈಯನ್ನೂ ಸೋಪಿನಿಂದ ತೊಳೆಯಿರಿ. ಇಷ್ಟನ್ನು ನೀವೇ ನಿತ್ಯ ಮಾಡುತ್ತೀರೆಂದು ಸೊಸೆಗೆ ಮಾತು ಕೊಡಿ, ಮೊದಲ ದಿನ ಅವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿ. ಎರಡನೆಯ ದಿನಕ್ಕೆ ಅವರೇ ಮಕ್ಕಳ ಜೊತೆ ಜಗಲಿಯಿಂದ ಇಳಿದಾರು.